ಖಾಲಿ ಪೊಟ್ಟಣದ ಹೊಣೆ ಯಾರದು?

ಹಳೆಯ ಪತ್ರಿಕೆ, ನೀರಿನ ಬಾಟಲಿ, ತೊಳೆದಿಟ್ಟ ಹಾಲಿನ ಚೀಲ ಇವನ್ನು ಕೊಟ್ಟರೆ ಗುಜರಿಯವನು ತೂಗಿ ಕಾಸು ಕೊಡುತ್ತಾನೆ. ಚಿಪ್ಸಿನ ಖಾಲಿ ಪೊಟ್ಟಣವನ್ನು ಕೊಟ್ಟು ನೋಡಿರಿ, ಹಿಂದಕ್ಕೆ ಕೊಡುತ್ತಾನೆ. ತಪ್ಪು ಅವನದಲ್ಲ. ಹಾಲಿನ ಚೀಲ ಒಂದೇ ಬಗೆಯ ಪ್ಲಾಸ್ಟಿಕ್ಕು, ಕರಗಿಸಿದರೆ ಮತ್ತೊಂದು ವಸ್ತುವಾದೀತು. ಚಿಪ್ಸಿನ ಪೊಟ್ಟಣದಲ್ಲಾದರೋ ಪ್ಲಾಸ್ಟಿಕ್ಕಿನ ಪದರಗಳಿಗೆ ಅಲ್ಯೂಮಿನಿಯಮ್ಮಿನ ತೆಳು ಲೇಪ ಅಂಟಿಕೊಂಡಿರುತ್ತದೆ. ತಿಂಡಿ ಗರಿಗರಿಯಾಗಿ ಉಳಿಯುವುದು ಇದರಿಂದಲೇ. ಕರಗಿಸುವವನಿಗೆ ಅದು ಬೇಡವಾಗುವುದೂ ಇದರಿಂದಲೇ.

ಹಾಗಾದರೆ ಅದು ಯಾರ ಕಸ? ನಗರಸಭೆಯದೆಂದೇ ಬಹುಕಾಲ ಎಲ್ಲರೂ ತಿಳಿದಿದ್ದರು. 1990ರಲ್ಲಿ ಸ್ವೀಡನ್ನಿನ ಥಾಮಸ್ ಲಿಂಡ್‌ಕ್ವಿಸ್ಟ್ ಎಂಬವರು, ವಸ್ತುವನ್ನು ತಯಾರಿಸಿದವರೇ ಕಡೆಯವರೆಗೂ ಅದಕ್ಕೆ ಹೊಣೆಯಾಗಬೇಕೆಂದು ವಾದಿಸಿದರು. ಮರುವರ್ಷವೇ ಜರ್ಮನಿ ಪೊಟ್ಟಣಗಳ ಮಟ್ಟಿಗೆ ಈ ಮಾತನ್ನು ಕಾನೂನು ಮಾಡಿತು. ನಮ್ಮ ದೇಶದ 2016ರ ನಿಯಮಗಳಲ್ಲಿಯೂ ಈ ಹೊಣೆಯ ಮಾತಿತ್ತು. ಆದರೆ ಅದಕ್ಕೆ ಖಚಿತವಾದ ಲೆಕ್ಕ ದೊರೆತದ್ದು 2022ರ ಫೆಬ್ರವರಿಯಲ್ಲಿ.

ಲೆಕ್ಕ ಹೀಗಿದೆ. ಪೊಟ್ಟಣದಲ್ಲಿ ಸರಕು ಮಾರುವ ಕಂಪನಿ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ಹೆಸರು ನೋಂದಾಯಿಸಿ, ತಾನು ಪೇಟೆಗೆ ಬಿಟ್ಟ ಪ್ಲಾಸ್ಟಿಕ್ಕಿನ ತೂಕವನ್ನು ತಿಳಿಸತಕ್ಕದ್ದು. 2023-24ರಿಂದ ಹೊಣೆ ಶೇಕಡಾ 100. ಚಿಪ್ಸಿನ ಪೊಟ್ಟಣದಂಥ ತೆಳು ಹಾಳೆಗಳಲ್ಲಿ 2024-25ಕ್ಕೆ ಕನಿಷ್ಠ ಶೇಕಡಾ 30, 2027-28ರ ಹೊತ್ತಿಗೆ 60 ಭಾಗ ಮರುಬಳಕೆಯಾಗಬೇಕು. ಅದಕ್ಕೆ ಒಗ್ಗದ್ದು ರಸ್ತೆಯ ಡಾಂಬರಿಗೋ ಸಿಮೆಂಟ್ ಗೂಡಿಗೋ ಹೋಗಬಹುದು. ಕಂಪನಿಯವರು ಬೀದಿಗಿಳಿದು ತಮ್ಮದೇ ಪೊಟ್ಟಣಗಳನ್ನು ಹುಡುಕಬೇಕೆಂದಿಲ್ಲ. ಅದೇ ವರ್ಗದ ಪ್ಲಾಸ್ಟಿಕ್ಕನ್ನು ಮರುಬಳಕೆ ಮಾಡಿದ ಕಾರ್ಖಾನೆಯಿಂದ ಪ್ರಮಾಣಪತ್ರ ಕೊಂಡರೆ ಸಾಕು.

ಪ್ರಮಾಣಪತ್ರಕ್ಕೆ ಬೆಲೆ ಬಂದೊಡನೆ ಸುಳ್ಳು ಪ್ರಮಾಣಪತ್ರವೂ ಬಂತು! 2023ರಲ್ಲಿ ಕೇಂದ್ರ ಮಂಡಳಿಯ ತಪಾಸಣೆಯಲ್ಲಿ ಇಂಥವು ಸುಮಾರು 6 ಲಕ್ಷ ಸಿಕ್ಕವು. ಅವನ್ನು ಹೊರಡಿಸಿದ ಕಾರ್ಖಾನೆಗಳು ಗುಜರಾತ್, ಮಹಾರಾಷ್ಟ್ರಗಳಲ್ಲಿ ಮಾತ್ರವಲ್ಲ, ನಮ್ಮ ಕರ್ನಾಟಕದಲ್ಲಿಯೂ ಇದ್ದವು. ಕಸ ಇದ್ದಲ್ಲಿಯೇ ಇದ್ದು, ಕಾಗದದ ಮೇಲೆ ಮಾತ್ರ ಕರಗಿ ಹೋಗಿತ್ತು.

ತಪಾಸಣೆ ಬಿಗಿಯಾದರೆ ಈ ಮೋಸ ತಗ್ಗೀತು. ಆದರೆ ನನ್ನ ಮಟ್ಟಿಗೆ ದೊಡ್ಡ ಕೊರತೆ ಬೇರೆಯೇ ಇದೆ. ಬೆಳಗಿನ ಜಾವ ಚೀಲ ಹೆಗಲಿಗೇರಿಸಿ ಕಸ ಆಯುವ ಹೆಂಗಸನ್ನು ನೀವು ನೋಡಿಯೇ ಇರುತ್ತೀರಿ. ಆಕೆ ಬಾಟಲಿಯನ್ನು ಆಯ್ದುಕೊಂಡು ಶಾಂಪೂವಿನ ಪುಟ್ಟ ಪೊಟ್ಟಣವನ್ನು ಅಲ್ಲಿಯೇ ಬಿಡುತ್ತಾಳೆ. ಅಂಥವು ನೂರಾರು ಸೇರಿದರೆ ತಾನೆ ಒಂದು ಕಿಲೋ? ಅಷ್ಟು ಬಗ್ಗಿ ಆಯ್ದರೂ ಕೊಳ್ಳುವವರು ಯಾರು? ಕಂಪನಿ ಪ್ರಮಾಣಪತ್ರಕ್ಕೆ ಕೊಟ್ಟ ಹಣದಲ್ಲಿ ಕಿಲೋವಿಗೆ ಇಷ್ಟೆಂದು ಆಕೆಗೆ ಸಲ್ಲತಕ್ಕದ್ದು ಎಂಬ ಒಂದು ವಾಕ್ಯ 2022ರ ಆ ನಿಯಮದಲ್ಲಿಲ್ಲ. ಹಾಗೆ ಒಂದು ದರ ಗೊತ್ತಾದ ದಿನ ಗುಜರಿಯವನ ತಕ್ಕಡಿಯಲ್ಲಿ ನಿಮ್ಮ ಚಿಪ್ಸಿನ ಪೊಟ್ಟಣಕ್ಕೂ ಜಾಗ ಸಿಕ್ಕೀತು.