ನವಲಗುಂದದಿಂದ ಕೊಲೋನಿನವರೆಗೆ

1999ನೆಯ ಇಸವಿಯ ಜೂನ್ 18ರಿಂದ 20ರವರೆಗೆ ಜರ್ಮನಿಯ ಕೊಲೋನ್ ನಗರದಲ್ಲಿ ಎಂಟು ಪ್ರಬಲ ರಾಷ್ಟ್ರಗಳ ಅಧಿನಾಯಕರು ತಮ್ಮ ವಾರ್ಷಿಕ ಶೃಂಗಸಭೆಗಾಗಿ ನೆರೆದಿದ್ದಾಗ, ಆ ನಗರದ ಬೀದಿಗಳಲ್ಲಿ ಸೇರಿದ ಪ್ರತಿಭಟನಕಾರರ ನಡುವೆ ಹೆಗಲ ಮೇಲೆ ಹಸಿರು ಶಾಲು ಹೊದ್ದ ಕರ್ನಾಟಕದ ರೈತರೂ ಇದ್ದರೆಂಬ ಸಂಗತಿಯನ್ನು ನಮ್ಮವರಲ್ಲಿ ಅನೇಕರು ಈಗ ಮರೆತಿದ್ದಾರೆ. ಅವರ ಸಂಘಟನೆಯಾದ ಕರ್ನಾಟಕ ರಾಜ್ಯ ರೈತ ಸಂಘದ ಉದಯಕ್ಕೆ ಕಾರಣವಾದದ್ದು 1980ರಲ್ಲಿ ನವಲಗುಂದ, ನರಗುಂದಗಳ ಎರೆಭೂಮಿಯಲ್ಲಿ ಎದ್ದ ಬಂಡಾಯ. ತಾಲ್ಲೂಕು ಕಚೇರಿಯ ಮುಂದೆ ಮೊದಲಾದ ಅಹವಾಲೊಂದು ಎರಡು ದಶಕಗಳೊಳಗಾಗಿ ರೈನ್ ನದಿಯ ದಂಡೆಯನ್ನು ಮುಟ್ಟಿದ್ದು ಹೇಗೆಂಬುದನ್ನು ಅರಿತರೆ, ಸಾಮಾನ್ಯ ಜನ ಶೃಂಗಸಭೆಗಳ ವಿರುದ್ಧ ಬೀದಿಗೆ ಇಳಿಯುವುದೇಕೆ ಎಂಬುದೂ ತಾನಾಗಿಯೇ ಸ್ಪಷ್ಟವಾಗುತ್ತದೆ.

ಸವದತ್ತಿಯ ಸಮೀಪದ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿ ಕಾಲುವೆಗಳಲ್ಲಿ ನೀರು ಹರಿಸತೊಡಗಿದ ಮೇಲೆ, ಮಳೆಯನ್ನೇ ನಂಬಿ ಜೋಳ, ಕಡಲೆ, ಕುಸುಬಿ ಬೆಳೆಯುತ್ತಿದ್ದ ಈ ಸೀಮೆಯ ಒಕ್ಕಲಿಗನು ಸಂಕರ ಹತ್ತಿಯ ಕಡೆಗೆ ತಿರುಗಿದನು. ಅದಕ್ಕೆ ಬೇಕಾದ ಬೀಜವೂ ನಮ್ಮಲ್ಲಿಯೇ ಹುಟ್ಟಿತ್ತು; ಧಾರವಾಡದ ಕೃಷಿ ಸಂಶೋಧನಾ ಕೇಂದ್ರದಲ್ಲಿ ಬಿ. ಎಚ್. ಕಟರ್ಕಿಯವರು ರೂಪಿಸಿದ ವರಲಕ್ಷ್ಮಿ ಎಂಬ ತಳಿ 1972ರಲ್ಲಿ ಬೆಳಕಿಗೆ ಬಂದಿತ್ತು. ಆದರೆ ಗೊಬ್ಬರ, ಔಷಧಗಳ ವೆಚ್ಚ ಏರುತ್ತ ಹೋಯಿತು, ಹತ್ತಿಯ ಧಾರಣೆ ಇಳಿಯಿತು, ಎಷ್ಟೋ ಹೊಲಗಳಿಗೆ ಕಾಲುವೆಯ ನೀರು ಹರಿಯಲೇ ಇಲ್ಲ. ಇಂಥ ಸಂಕಟದ ಮಧ್ಯದಲ್ಲಿ ಸರ್ಕಾರವು ನೀರಿನ ಕರದ ಬಾಕಿಯೊಡನೆ, ನೀರಾವರಿಯಿಂದ ಭೂಮಿಯ ಬೆಲೆ ಹೆಚ್ಚಿತೆಂಬ ನೆಪದಿಂದ, ಬೆಟರ್‌ಮೆಂಟ್ ಲೆವಿ ಎಂಬ ಇನ್ನೊಂದು ಕರದ ವಸೂಲಿಗೂ ತೊಡಗಿತು. ನೀರು ಕಾಣದ ಹೊಲದ ಮೇಲೆಯೂ ಕರ ಬಿದ್ದಿತೆಂಬುದೇ ಜನರ ಅಂತಃಕರಣವನ್ನು ಕಲಕಿದ ಮಾತು. ರೈತರು ಸಮನ್ವಯ ಸಮಿತಿಯನ್ನು ಕಟ್ಟಿಕೊಂಡು ಮನವಿಗಳನ್ನು ಕೊಟ್ಟರು, ಧರಣಿ ಕುಳಿತರು. ಆಗ ಗುಂಡೂರಾಯರು ಮುಖ್ಯಮಂತ್ರಿಗಳು. ನರಗುಂದವೂ ಆಗ ಧಾರವಾಡ ಜಿಲ್ಲೆಗೇ ಸೇರಿದ್ದಿತು.

1980ರ ಜುಲೈ 21ರಂದು ನಡೆದ ಬಂದ್ ರಕ್ತಪಾತದಲ್ಲಿ ಕೊನೆಗೊಂಡಿತು. ಪೊಲೀಸರ ಗುಂಡಿಗೆ ನವಲಗುಂದದಲ್ಲಿ ಬಸಪ್ಪ ಲಕ್ಕುಂಡಿ, ನರಗುಂದದಲ್ಲಿ ಈರಪ್ಪ ಕಡ್ಲಿಕೊಪ್ಪ ಬಲಿಯಾದರು. ಅವರ ನೆನಪಿಗಾಗಿ ನಿಲ್ಲಿಸಿದ ಕಲ್ಲುಗಳಿಗೆ ಇಂದಿಗೂ ಪ್ರತಿವರ್ಷ ಆ ದಿನ ರೈತರು ಮಾಲೆ ಹಾಕುತ್ತಾರೆ. ನರಗುಂದದಲ್ಲಿ ಉದ್ರಿಕ್ತ ಗುಂಪಿನ ಕೈಯಲ್ಲಿ ಪೊಲೀಸರೂ ಪ್ರಾಣ ಕಳೆದುಕೊಂಡರು. ಹುತಾತ್ಮರನ್ನು ಸ್ಮರಿಸುವ ನಾವು ಈ ಎರಡನೆಯ ಮಾತನ್ನು ಮರೆಮಾಚಬಾರದೆಂದು ನನಗೆ ತೋರುತ್ತದೆ. ಆ ಪೊಲೀಸರೂ ಯಾವುದೋ ಊರಿನ ಬಡ ಮನೆಗಳ ಮಕ್ಕಳೇ ಆಗಿದ್ದರು.

ಈ ಬಂಡಾಯದ ಕಿಡಿ ರಾಜ್ಯವನ್ನೆಲ್ಲ ವ್ಯಾಪಿಸಿ, ಅದೇ ವರ್ಷ ಎಚ್. ಎಸ್. ರುದ್ರಪ್ಪ, ಎನ್. ಡಿ. ಸುಂದರೇಶ್, ಪ್ರೊ. ಎಂ. ಡಿ. ನಂಜುಂಡಸ್ವಾಮಿ ಮೊದಲಾದವರ ಮುಂದಾಳುತನದಲ್ಲಿ ರಾಜ್ಯ ರೈತ ಸಂಘವಾಗಿ ರೂಪುಗೊಂಡಿತು. ರೈತನು ಸಾಲಗಾರನಲ್ಲ, ಅವನ ಬೆಳೆಗೆ ನ್ಯಾಯವಾದ ಬೆಲೆ ಕೊಡದ ಸರ್ಕಾರವೇ ಅವನಿಗೆ ಬಾಕಿದಾರನೆಂಬುದು ಸಂಘದ ಮೂಲಸಿದ್ಧಾಂತ. ಕರವಸೂಲಿಯ ಅಧಿಕಾರಿಗಳು ಅಪ್ಪಣೆಯಿಲ್ಲದೆ ಒಳಗೆ ಬರಕೂಡದೆಂಬ ಫಲಕಗಳು ಹಳ್ಳಿಗಳ ಅಗಸೆಯಲ್ಲಿ ಎದ್ದುನಿಂತವು. 1989ರ ಚುನಾವಣೆಯಲ್ಲಿ ಕಿತ್ತೂರು, ಧಾರವಾಡ ಗ್ರಾಮೀಣ ಎರಡೂ ಕ್ಷೇತ್ರಗಳಲ್ಲಿ ಗೆದ್ದ ಸಂಘದ ಬಾಬಾಗೌಡ ಪಾಟೀಲರು ಧಾರವಾಡವನ್ನು ಬಿಟ್ಟುಕೊಟ್ಟಾಗ, ಉಪಚುನಾವಣೆಯಲ್ಲಿ ನಂಜುಂಡಸ್ವಾಮಿಯವರನ್ನು ವಿಧಾನಸಭೆಗೆ ಕಳುಹಿಸಿದವರು ನಮ್ಮ ಜಿಲ್ಲೆಯ ಹಳ್ಳಿಗರೇ.

ಇಷ್ಟರಲ್ಲಿ ನಿರ್ಣಯದ ಪೀಠವೇ ಸ್ಥಳಾಂತರಗೊಂಡಿತ್ತು. 1991ರ ಡಿಸೆಂಬರಿನಲ್ಲಿ ಹೊರಬಂದ, ಜಾಗತಿಕ ವಾಣಿಜ್ಯ ಒಪ್ಪಂದದ ಡಂಕೆಲ್ ಕರಡು, ಅದರ ಫಲವಾಗಿ 1995ರ ಜನವರಿ 1ರಂದು ಜಾರಿಗೆ ಬಂದ ವಿಶ್ವ ವಾಣಿಜ್ಯ ಸಂಸ್ಥೆಯ ಒಪ್ಪಂದಗಳು, ಬೀಜದ ಒಡೆತನ, ಬೆಂಬಲ ಬೆಲೆ, ಆಮದು ಸುಂಕ ಇವೆಲ್ಲವುಗಳನ್ನು ಅಂತಾರಾಷ್ಟ್ರೀಯ ಚರ್ಚೆಯ ಕಕ್ಷೆಗೆ ಎಳೆದುಕೊಂಡವು. ಕುಂದಗೋಳದ ಮೆಣಸಿನಕಾಯಿಗಾಗಲಿ ಅಣ್ಣಿಗೇರಿಯ ಹತ್ತಿಗಾಗಲಿ ಸಲ್ಲುವ ಧಾರಣೆ ಜಿನೀವಾದ ಮಾತುಕತೆಗೆ ತಳಕು ಹಾಕಿಕೊಳ್ಳುವುದಾದರೆ, ತಹಶೀಲ್ದಾರರ ಮುಂದೆ ಕುಳಿತು ಏನು ಪ್ರಯೋಜನ? "ನಮ್ಮ ಹೊಲದ ಮಾತು ನಮ್ಮನ್ನ ಬಿಟ್ಟು ಆಡೂದು ಯಾವ ನ್ಯಾಯರೀ?" ಎಂದು ಕಟ್ಟೆಯ ಮೇಲೆ ಕುಳಿತ ಹಿರಿಯರು ಕೇಳುವ ಪ್ರಶ್ನೆಯನ್ನೇ ರೈತ ಸಂಘವು ಯೂರೋಪಿಗೆ ಒಯ್ದಿತು. 1999ರ ಮೇ ತಿಂಗಳ ಕೊನೆಯ ಭಾಗದಿಂದ ಸುಮಾರು ನಾಲ್ಕು ವಾರಗಳ ಕಾಲ, ಬಹುಪಾಲು ಭಾರತೀಯ ರೈತರೇ ಆಗಿದ್ದ ಕೆಲವು ನೂರು ಜನರು ಬಸ್ಸುಗಳಲ್ಲಿ ಅಲ್ಲಿಯ ದೇಶದೇಶಗಳನ್ನು ಸುತ್ತಿ, ಜಿನೀವಾದಲ್ಲಿ ವಾಣಿಜ್ಯ ಸಂಸ್ಥೆಯ ಎದುರು ನಿಂತು, ಕಟ್ಟಕಡೆಗೆ ಕೊಲೋನಿಗೆ ಬಂದರು.

ನಮ್ಮ ಕಡೆಯ ಧರಣಿಗೆ ತನ್ನದೇ ಆದ ಕ್ರಮವುಂಟು. ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಕುಳಿತು, ಅರಿವೆಯ ಗಂಟಿನಲ್ಲಿ ಕಟಕ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಜನ ಬರುತ್ತಾರೆ. ರಸ್ತೆಗೆ ಅಡ್ಡಲಾಗಿ ಚಕ್ಕಡಿ ನಿಲ್ಲಿಸುತ್ತಾರೆ. ಮನವಿಪತ್ರವನ್ನು ಗಟ್ಟಿಯಾಗಿ ಓದುತ್ತಾರೆ. ಅಧಿಕಾರಿ ಹೊರಗೆ ಬಂದು ಅದನ್ನು ಸ್ವೀಕರಿಸಿ, ಮೇಲಕ್ಕೆ ಕಳುಹಿಸುವೆನೆಂದು ಮಾತು ಕೊಡುತ್ತಾನೆ. ಶೃಂಗಸಭೆಯ ಎದುರಿನಲ್ಲಿ ಆ ಅಧಿಕಾರಿಯೂ ಇಲ್ಲ. ಎಂಟು ರಾಷ್ಟ್ರಗಳ ಆ ಕೂಟಕ್ಕೆ ಸಂವಿಧಾನವಿರಲಿಲ್ಲ, ಸ್ಥಾಯಿ ಕಾರ್ಯಾಲಯವಿರಲಿಲ್ಲ. 1975ರಲ್ಲಿ ಫ್ರಾನ್ಸಿನ ರಾಂಬುಯೆ ಎಂಬಲ್ಲಿ ಆರು ದೇಶಗಳ ನಾಯಕರ ಗೋಷ್ಠಿಯಾಗಿ ಪ್ರಾರಂಭವಾದ ಅದು ಬರಬರುತ್ತ ಜಗತ್ತಿನ ಆರ್ಥಿಕ ನೀತಿಯ ದಿಕ್ಕನ್ನು ಸೂಚಿಸತಕ್ಕ ಸ್ಥಾನವನ್ನು ತಾನೇ ವಹಿಸಿಕೊಂಡಿತು. ಮನವಿಯನ್ನು ಸ್ವೀಕರಿಸುವವರೇ ಇಲ್ಲದ ಕಡೆಯಲ್ಲಿ ಜನ ಬೇರೊಂದು ಭಾಷೆಯನ್ನು ಹುಡುಕಬೇಕಾಗುತ್ತದೆ. ಹಿಂದೆ ಬೆಂಗಳೂರಿನಲ್ಲಿ ಸರ್ಕಾರದ ಎದುರು ನಿಂತು ಬಿದ್ದುಬಿದ್ದು ನಗುವ ಚಳವಳಿಯನ್ನು ಹೂಡಿದ್ದ ರೈತ ಸಂಘದ ಪದ್ಧತಿಯಂತೆ, ಅಧಿನಾಯಕರನ್ನು ನೋಡಿ ನಗುವ ಮೆರವಣಿಗೆಯನ್ನು ಕೊಲೋನಿನಲ್ಲಿಯೂ ಯೋಜಿಸಲಾಗಿತ್ತು. ಪೊಲೀಸರು ಅದನ್ನು ತಡೆದರು, ಹಲವರನ್ನು ವಶಕ್ಕೆ ತೆಗೆದುಕೊಂಡರು. ಅದೇ ದಿನಗಳಲ್ಲಿ ಸಹಸ್ರಾರು ಜನರು ಕೈಕೈ ಹಿಡಿದು ಮಾನವ ಸರಪಳಿಯಾಗಿ ನಿಂತು, ಬಡ ದೇಶಗಳ ಸಾಲವನ್ನು ಮನ್ನಾ ಮಾಡಬೇಕೆಂದು ಕೇಳಿದರು; ಸಾಲಗಾರ ಯಾರು, ಬಾಕಿದಾರ ಯಾರು ಎಂಬ ನಮ್ಮ ಊರಿನ ವಾದವೇ ಅಲ್ಲಿ ರಾಷ್ಟ್ರಗಳ ಪ್ರಮಾಣದಲ್ಲಿ ನಡೆದಿತ್ತು.

ಇದರಿಂದ ಫಲವೇನು ದೊರೆಯಿತೆಂದು ಕೇಳುವುದು ನ್ಯಾಯವೇ. ಸಾಲಭಾರದಿಂದ ಕುಗ್ಗಿದ ಅತಿ ಬಡ ದೇಶಗಳಿಗೆ ಇನ್ನಷ್ಟು ವಿನಾಯಿತಿ ಕೊಡುವುದಾಗಿ ಕೊಲೋನ್ ಸಭೆ ಘೋಷಿಸಿತು. ಬೀಜದ ವಿಷಯದಲ್ಲಿ ರೈತ ಸಂಘಕ್ಕೆ ಅಂಥ ಜಯ ಸಿಕ್ಕಲಿಲ್ಲ. 1998ರಲ್ಲಿ ರಾಯಚೂರು ಜಿಲ್ಲೆಯ ಪ್ರಯೋಗದ ಹೊಲಗಳಲ್ಲಿ ಅದು ಸುಟ್ಟುಹಾಕಿದ ಕುಲಾಂತರಿ ಬಿಟಿ ಹತ್ತಿಗೆ 2002ರಲ್ಲಿ ಕೇಂದ್ರದ ಅನುಮತಿ ದೊರೆತು, ಅದೇ ಬೀಜವನ್ನು ನಮ್ಮ ಎರೆಭೂಮಿಯೂ ಬಿತ್ತಿತು. ಮನುಷ್ಯರ ಮೇಲೆ ಕೈ ಮಾಡದೆ ಆಸ್ತಿಯನ್ನು ನಾಶಗೊಳಿಸಿದರೆ ಅಹಿಂಸೆಗೆ ಭಂಗವಿಲ್ಲವೆಂಬ ಸಂಘದ ವಾದವನ್ನು ನಾನು ಒಪ್ಪಲಾರೆ. ಬೆಂಕಿ ಹತ್ತಿದ ಕಡೆ ಜನರ ಗಮನವೆಲ್ಲ ಬೆಂಕಿಗೇ ಹೋಗುತ್ತದೆ, ಬೇಡಿಕೆಯ ಮಾತು ಕೇಳಿಸದಂತಾಗುತ್ತದೆ. ಆದರೂ ಯಾರ ಬದುಕಿನ ಕುರಿತು ಚರ್ಚೆ ನಡೆದಿದೆಯೋ ಅವರು ಬಾಗಿಲ ಬಳಿ ಬಂದು ನಿಂತದ್ದು ವ್ಯರ್ಥವಾಯಿತೆಂದು ನಾನು ಹೇಳೆನು. ಕೊಲೋನಿನ ತರುವಾಯ ಐದು ತಿಂಗಳಲ್ಲಿ ಸಿಯಾಟಲ್ ನಗರದಲ್ಲಿ ವಾಣಿಜ್ಯ ಸಂಸ್ಥೆಯ ಸಮ್ಮೇಳನ ಬೀದಿಯ ಪ್ರತಿಭಟನೆಯ ನಡುವೆ ಒಮ್ಮತವಿಲ್ಲದೆ ಮುರಿದುಬಿದ್ದಿತು. ಅದೇ ಸಂಸ್ಥೆಯ 2003ರ ಕಾನ್‌ಕುನ್ ಸಮ್ಮೇಳನದಲ್ಲಿ ಭಾರತವೂ ಸೇರಿದಂತೆ ಅನೇಕ ದೇಶಗಳು ಶ್ರೀಮಂತ ರಾಷ್ಟ್ರಗಳ ಕೃಷಿ ಸಹಾಯಧನವನ್ನು ಬಹಿರಂಗವಾಗಿ ಎದುರಿಸಿದವು.

ಶಾಂತವಾಗಿ, ನಿರಾಯುಧರಾಗಿ ಸಭೆ ಸೇರುವ ಹಕ್ಕನ್ನು ನಮ್ಮ ಸಂವಿಧಾನದ 19ನೆಯ ಅನುಚ್ಛೇದ ಕೊಟ್ಟಿದೆ. ಸಾರ್ವಜನಿಕ ಬೀದಿಯಲ್ಲಿ ಸಭೆಯನ್ನು ಸರ್ಕಾರವು ನಿಯಂತ್ರಿಸಬಹುದೇ ಹೊರತು ಸಾರಾಸಗಟಾಗಿ ನಿಷೇಧಿಸಲಾಗದೆಂದು ಹಿಮ್ಮತ್‌ಲಾಲ್ ಷಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವೂ ಎತ್ತಿಹಿಡಿದಿದೆ. ಕಲಘಟಗಿಯಿಂದಾಗಲಿ ನವಲಗುಂದದಿಂದಾಗಲಿ ನಾಳೆ ಇಂಥ ಸಭೆಯೊಂದರ ಎದುರಿಗೆ ಹೊರಡತಕ್ಕ ತರುಣರು ಮುಂಚಿತವಾಗಿ ಪೊಲೀಸರಿಗೆ ತಿಳಿಸಿ ಹೊರಡಲಿ. ಒಪ್ಪಂದದ ಯಾವ ಮಾತು ತಮ್ಮ ಹೊಲಕ್ಕೆ ಹೇಗೆ ತಟ್ಟುತ್ತದೆಂಬುದನ್ನು ಓದಿಕೊಂಡು, ಮನವಿಯ ಒಂದು ಪ್ರತಿಯನ್ನು ಕಿಸೆಯಲ್ಲಿಟ್ಟುಕೊಂಡಿರಲಿ. ಪಕ್ಕದವನು ಕಲ್ಲೆತ್ತಿದರೆ ಅವನ ಕೈಯನ್ನು ತಾವೇ ಹಿಡಿಯಲಿ.