ಮೊರೊಕ್ಕೊ ದೇಶದ ತಿಮೂಮಿ

ಮದುವೆಯ ಮನೆಯಲ್ಲಿ ಊಟವಾದ ಮೇಲೆ ಅಡಿಗೆಯವರನ್ನು ಎಲ್ಲರೂ ಹೊಗಳುವರು. ಪಂಕ್ತಿಯಿಂದ ಪಂಕ್ತಿಗೆ ನಡೆದು ಬಡಿಸಿದವರನ್ನು ನೆನೆಯುವವರು ಕಡಮೆ. ಕಾಲ್ಚೆಂಡಿನ ಆಟದಲ್ಲಿಯೂ ಇದೇ ರೀತಿ. ಗೋಲು ಹೊಡೆದವನ ಹೆಸರು ಪತ್ರಿಕೆಗಳಲ್ಲಿ ಅಚ್ಚಾಗುವುದು. ಬಯಲಿನ ನಡುವೆ ನಿಂತು, ಎದುರಾಳಿಗಳಿಂದ ಚೆಂಡನ್ನು ಬಿಡಿಸಿಕೊಂಡು, ಮುಂದಿನವರಿಗೆ ಒಪ್ಪಿಸುವ ನಡುವಣ ಆಟಗಾರನು ಮರೆಯಲ್ಲಿಯೇ ಉಳಿಯುವನು. ಅಂತಹ ಒಬ್ಬರ ಚರಿತ್ರೆಯನ್ನು ವಾಚಕರ ಮುಂದಿಡುತ್ತೇವೆ.

ಮಹಮ್ಮದ್ ತಿಮೂಮಿಯವರು ೧೯೬೦ರಲ್ಲಿ ಮೊರೊಕ್ಕೊ ದೇಶದ ರಾಜಧಾನಿಯಾದ ರಬಾತ್ ನಗರದಲ್ಲಿ ಜನಿಸಿದರು. ಅವರದು ಎಡಗಾಲಿನ ಆಟ. ಬಲಕ್ಕಿಂತ ಉಪಾಯವೇ ಅದರಲ್ಲಿ ಹೆಚ್ಚು. ಅದೇ ನಗರದ ರಾಜಸೈನ್ಯದ ತಂಡವನ್ನು ಸೇರಿ ಅವರು ಕೀರ್ತಿವಂತರಾದರು. ೧೯೮೫ರಲ್ಲಿ ಆ ತಂಡವು ಆಫ್ರಿಕದ ಚಾಂಪಿಯನ್ ತಂಡಗಳ ಕಪ್ಪನ್ನು ಗೆದ್ದಿತು; ಆ ಕಪ್ಪು ಮೊರೊಕ್ಕೊ ದೇಶಕ್ಕೆ ಬಂದುದು ಅದೇ ಮೊದಲು. ಆ ವರ್ಷದ ಆಫ್ರಿಕದ ಶ್ರೇಷ್ಠ ಆಟಗಾರರೆಂದು ಫ್ರಾನ್ಸಿನ ಪತ್ರಿಕೆಯೊಂದು ಅವರಿಗೆ ಚಿನ್ನದ ಚೆಂಡಿನ ಬಹುಮಾನವನ್ನಿತ್ತಿತು.

ಆದರೆ ಅದೇ ವರ್ಷ, ಈಜಿಪ್ಟಿನ ಜಮಾಲೆಕ್ ತಂಡದೊಡನೆ ಆಡುವಾಗ ಅವರ ಕಾಲು ಮುರಿಯಿತು. ಮೆಕ್ಸಿಕೊದಲ್ಲಿ ನಡೆಯಲಿದ್ದ ವಿಶ್ವಕಪ್ಪಿಗೆ ಒಂದು ವರ್ಷವೂ ಉಳಿದಿರಲಿಲ್ಲ. ಮುರಿದ ಎಲುಬು ನಮ್ಮ ಆತುರಕ್ಕೆ ಕೂಡುವುದಿಲ್ಲ. ಮಲಗಿದವನು ಮೊದಲು ನಿಲ್ಲಬೇಕು, ಅನಂತರ ನಡೆಯಬೇಕು, ಓಡಬೇಕು. ಕಡೆಗೆ, ಮತ್ತೊಬ್ಬನ ಕಾಲು ತನ್ನ ಕಾಲಿಗೆ ಎದುರಾಗಿ ಬಂದಾಗ ಹಿಂಜರಿಯದಿರಬೇಕು. ಎಲ್ಲಕ್ಕಿಂತ ಕಠಿನವಾದುದು ಈ ಕೊನೆಯ ಮೆಟ್ಟಲೇ ಎಂದು ನಮಗೆ ತೋರುವುದು.

೧೯೮೬ರ ಜೂನ್ ತಿಂಗಳಲ್ಲಿ ತಿಮೂಮಿಯವರು ಮೆಕ್ಸಿಕೊದ ಬಯಲಿನಲ್ಲಿ ನಿಂತಿದ್ದರು. ಪೋಲೆಂಡ್, ಇಂಗ್ಲೆಂಡ್ ತಂಡಗಳೊಡನೆ ಆಟವು ಗೋಲಿಲ್ಲದೆ ಸಮವಾಯಿತು. ಪೋರ್ತುಗಲ್ ತಂಡವನ್ನು ಮೊರೊಕ್ಕೊ ೩–೧ರಿಂದ ಸೋಲಿಸಿತು. ಆ ಮೂರು ಗೋಲುಗಳಲ್ಲಿ ಎರಡು ಖೈರಿಯವರವು, ಒಂದು ಕ್ರಿಮೋ ಅವರದು. ತಿಮೂಮಿಯವರ ಹೆಸರು ಆ ಪಟ್ಟಿಯಲ್ಲಿಲ್ಲ. ಬಡಿಸುವವರ ಪಾಲು ಹೀಗೆಯೇ ಅಲ್ಲವೆ? ಆದರೂ ಮೊರೊಕ್ಕೊ ತನ್ನ ಗುಂಪಿನಲ್ಲಿ ಮೊದಲನೆಯದಾಗಿ ನಿಂತಿತು. ವಿಶ್ವಕಪ್ಪಿನ ಮೊದಲ ಸುತ್ತನ್ನು ದಾಟಿದ ಮೊದಲ ಆಫ್ರಿಕ ದೇಶವೆನಿಸಿತು. ಮುಂದಿನ ಸುತ್ತಿನಲ್ಲಿ, ಆಟವು ಮುಗಿಯಲು ಕೆಲವೇ ನಿಮಿಷಗಳಿದ್ದಾಗ, ಪಶ್ಚಿಮ ಜರ್ಮನಿಯ ಒಂದೇ ಗೋಲಿಗೆ ಸೋತಿತು.

ಬಳಿಕ ತಿಮೂಮಿಯವರು ಸ್ಪೇನಿನ ಮುರ್ಸಿಯಾ ತಂಡದಲ್ಲಿಯೂ ಬೆಲ್ಜಿಯಮ್ ದೇಶದ ಲೊಕರೆನ್ ತಂಡದಲ್ಲಿಯೂ ಆಡಿದರು. ೨೦೨೨ರಲ್ಲಿ ಕತಾರ್ ದೇಶದ ವಿಶ್ವಕಪ್ಪಿನಲ್ಲಿ ಮೊರೊಕ್ಕೊ ಕೊನೆಯ ನಾಲ್ಕು ತಂಡಗಳಲ್ಲಿ ಒಂದಾಯಿತು. ಆಫ್ರಿಕದ ಬೇರೆ ಯಾವ ದೇಶವೂ ಅದಕ್ಕೆ ಮೊದಲು ಅಲ್ಲಿಯವರೆಗೆ ಹೋಗಿರಲಿಲ್ಲ. ಮೂವತ್ತಾರು ವರ್ಷಗಳ ಹಿಂದೆ ಆ ದಾರಿಯನ್ನು ತೆರೆದವರಲ್ಲಿ, ಕಾಲು ಮುರಿದು ಎದ್ದು ಬಂದ ಈ ನಡುವಣ ಆಟಗಾರರೂ ಒಬ್ಬರು.

ಮನೆಯ ಮಕ್ಕಳಲ್ಲಿ ಯಾರಾದರೂ ಬಿದ್ದು ಹಾಸಿಗೆ ಹಿಡಿದು ಬೇಸರಪಡುತ್ತಿದ್ದರೆ, ಪಕ್ಕದಲ್ಲಿ ಕುಳಿತು ಈ ಸಂಗತಿಯನ್ನು ಓದಿ ಹೇಳಬಹುದು.