ಮಲ್ಲಿತಮ್ಮನ ಹೆಸರು ಓದಿ ಹೇಳುವವರು ಯಾರು?

ಹಾಸನ: ಹಾಸನಾಂಬೆಯ ಬಾಗಿಲು ತೆಗೆಯೋದು ವರ್ಷಕ್ಕೊಮ್ಮೆ, ದೀಪಾವಳಿಯ ಆಜುಬಾಜು. 2025ರಲ್ಲಿ ಬಂದುಹೋದ ಜನ 26 ಲಕ್ಷ ದಾಟಿದರು. ಸಾವಿರ ರೂಪಾಯಿ ಟಿಕೆಟ್ಟಿಗೂ ಸಾಲು, ಮುನ್ನೂರರದ್ದಕ್ಕೂ ಸಾಲು, ಬಿಟ್ಟಿ ದರ್ಶನಕ್ಕಂತೂ ಕೇಳೋದೇ ಬೇಡ. ಗಂಟೆಗಟ್ಟಲೆ ನಿಂತವರಿಗೆ ಹುತ್ತದ ರೂಪದ ಅಮ್ಮ ಕಂಡದ್ದು ಅರೆಗಳಿಗೆ.

ಭಕ್ತಿಗೆ ಅಷ್ಟು ಸಾಕು ಬಿಡಿ. ಆದರೆ ಅದೇ ಗುಡಿಯಲ್ಲಿ ಒಂಬತ್ತು ತಲೆಯ ರಾವಣ ವೀಣೆ ಹಿಡಿದು ಕೂತಿದ್ದಾನೆ. ವರ್ಷಕ್ಕೊಂದು ಕಾಳಿನಷ್ಟು ದೇವಿಯ ಕಡೆ ಸರಿಯುತ್ತದೆ ಅನ್ನೋ ಸೊಸೆ ಕಲ್ಲಿದೆ. ಸಪ್ತಮಾತೃಕೆಯರಲ್ಲಿ ಮೂವರು ಇಲ್ಲಿ, ಮೂವರು ದೇವಿಗೆರೆಯಲ್ಲಿ, ಒಬ್ಬಳು ಕೆಂಚಮ್ಮನ ಹೊಸಕೋಟೆಯಲ್ಲಿ ನೆಲೆಸಿದ ಕಥೆ ಊರಿನ ಮುದುಕಿಯರ ಬಾಯಲ್ಲಿದೆ. ಹುಬ್ಬಳ್ಳಿಯಿಂದಲೋ ಬೆಂಗಳೂರಿಂದಲೋ ಬಂದವನಿಗೆ ಇದನ್ನೆಲ್ಲ ಹೇಳೋಕೆ ಸಾಲು ಪುರಸೊತ್ತು ಕೊಟ್ಟರೆ ತಾನೆ!

ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ್ದು ಇನ್ನೊಂದು ಬಗೆ. ಬರಿಗಾಲಲ್ಲಿ ಆರುನೂರಕ್ಕೂ ಮಿಕ್ಕ ಮೆಟ್ಟಿಲು ಹತ್ತಬೇಕು. ಆಗದವರಿಗೆ ಡೋಲಿ. ಮೇಲೆ ಸುಮಾರು 58 ಅಡಿಯ ಗೊಮ್ಮಟ, 981ರ ಸುಮಾರಿಗೆ ಚಾವುಂಡರಾಯ ಮಾಡಿಸಿದ್ದು. ಜನ ತಲೆಯೆತ್ತಿ ಮುಖ ನೋಡುತ್ತಾರೆ, ಫೋಟೋ ತೆಗೆಯುತ್ತಾರೆ, ಇಳಿಯುತ್ತಾರೆ. ಕಾಲಬುಡದಲ್ಲಿ ಕನ್ನಡ, ತಮಿಳು, ಮರಾಠಿ ಮೂರೂ ಭಾಷೆಯಲ್ಲಿ ಬರಹವಿದೆ. ಕೊಲ್ಹಾಪುರ, ಸಾಂಗ್ಲಿ ಕಡೆಯ ಯಾತ್ರಿಕರಿಗೆ ಇದು ನಿಮ್ಮ ಭಾಷೆಯ ಬಲು ಹಳೇ ಬರಹಗಳಲ್ಲಿ ಒಂದು ಕಣ್ರೀ ಅಂತ ತೋರಿಸಿದರೆ ಹತ್ತಿದ ದಣಿವೇ ಮರೆತೀತು.

ಎದುರಿನ ಚಂದ್ರಗಿರಿ ಚಿಕ್ಕ ಬೆಟ್ಟ. ಹತ್ತುವವರೂ ಕಮ್ಮಿ. ಭದ್ರಬಾಹು, ಚಂದ್ರಗುಪ್ತ ಮೌರ್ಯರ ಐತಿಹ್ಯ ಇರೋದೇ ಅಲ್ಲಿ. ಚಂದ್ರಗುಪ್ತ ಬಸದಿಯ ಕಲ್ಲಿನ ಜಾಲಂಧ್ರದ ಮೇಲೆ ದಾಸೋಜ ಎಂಬ ರೂವಾರಿಯ ಹೆಸರು ಕೊರೆದಿದೆ. ಬೇಲೂರಿನ ದಾಸೋಜನೇ ಇವನಿರಬೇಕು ಅನ್ನೋದು ತಿಳಿದವರ ಮಾತು.

ಹೇಳುವವರೇ ಇಲ್ಲ ಅಂತಲ್ಲ. ಬೇಲೂರು, ಹಳೇಬೀಡಿನಲ್ಲಿ ಗೈಡುಗಳಿದ್ದಾರೆ. ಆದರೆ ಅವರ ಬಾಯಲ್ಲಿ ಜಕಣಾಚಾರಿ ಬರದೆ ಕಥೆ ಮುಗಿಯೋದುಂಟೆ? ಮಗ ಡಂಕಣ ತಪ್ಪು ಹಿಡಿದ, ಕಲ್ಲೊಳಗೆ ಕಪ್ಪೆ ಇತ್ತು, ಅಪ್ಪ ಕೈ ಕಡಿದುಕೊಂಡ - ಕೇಳಿದವರ ಕಣ್ಣು ತೇವವಾಗುತ್ತೆ, ಗೈಡಿಗೂ ನಾಲ್ಕು ಕಾಸು ಹೆಚ್ಚು ಗಿಟ್ಟುತ್ತೆ. 1117ರ ಆ ಗುಡಿಯ ಕಲ್ಲಿನ ಮೇಲೆ ಮಾತ್ರ ಜಕಣಾಚಾರಿ ಇಲ್ಲ. ಇರೋದು ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಅಪ್ಪ ಮಗ ಇಬ್ಬರೂ ಉಳಿ ಹಿಡಿದು ದುಡಿದದ್ದಕ್ಕೆ ಸಾಕ್ಷಿ ಕಣ್ಣೆದುರಿಗಿದೆ. ಕಥೆ ಬೇಡ ಅನ್ನೋರು ಯಾರು? ಕಥೆಯ ಜೊತೆ ದುಡಿದವರ ಹೆಸರನ್ನೂ ಹೇಳಿದರೆ ಗಂಟೇನು ಹೋಗುತ್ತೆ?

ಬೇಲೂರು ಬಿಟ್ಟು ಈಚೆ ಬಂದರೆ ಗೈಡೂ ಇಲ್ಲ. ದೊಡ್ಡಗದ್ದವಳ್ಳಿ, ಮೊಸಳೆ ಮುಂತಾದ ಕಡೆ ಪುರಾತತ್ವ ಇಲಾಖೆಯ ಬೋರ್ಡು ಮೊದಲು ಹೇಳೋದು ಹಾಳು ಮಾಡಿದರೆ ಜೈಲು, ದಂಡ ಅಂತ. ಬೇಕಾದ ಎಚ್ಚರಿಕೆಯೇ, ಅಲ್ಲವೆನ್ನೋಲ್ಲ. ಹೊಳೆನರಸೀಪುರದಲ್ಲಿ ಮೈಸೂರಿನ ಬಸ್ಸು ಹಿಡಿಯುವ ಆತುರದಲ್ಲಿ ಲಕ್ಷ್ಮೀನರಸಿಂಹನೇ ನೆನಪಾಗೋಲ್ಲ. ಅರಕಲಗೂಡು ತಾಲ್ಲೂಕಿನ ರಾಮನಾಥಪುರಕ್ಕೆ ಹೋದವರು ಕಾವೇರಿಯ ವಹ್ನಿ ಪುಷ್ಕರಣಿಯಲ್ಲಿ ಮೀನಿಗೆ ಪುರಿ ಹಾಕಿ ಖುಷಿಪಡುತ್ತಾರೆ. ರಾಮೇಶ್ವರನ ಗುಡಿಯ ಕಥೆ ಕೇಳಬೇಕಾದರೆ ಅರ್ಚಕರಿಗೆ ಮಂಗಳಾರತಿ ಮುಗಿದು ಬಿಡುವಾಗಬೇಕು. ಅರ್ಚಕರೇ ಈ ಜಿಲ್ಲೆಯ ಸಂಬಳವಿಲ್ಲದ ಗೈಡುಗಳು!

ಇದೆಲ್ಲಕ್ಕಿಂತ ಹೊಟ್ಟೆ ಉರಿಸೋದು ನುಗ್ಗೇಹಳ್ಳಿ. 1246ರಲ್ಲಿ ಬೊಮ್ಮಣ್ಣ ದಂಡನಾಯಕ ಕಟ್ಟಿಸಿದ ಲಕ್ಷ್ಮೀನರಸಿಂಹನ ಗುಡಿಯ ಹೊರಗೋಡೆಯಲ್ಲಿ ಬೈಚೋಜ, ಮಲ್ಲಿತಮ್ಮ ಇಬ್ಬರೂ ತಮ್ಮ ತಮ್ಮ ಮೂರ್ತಿಗಳ ಕೆಳಗೆ ಹೆಸರು ಕೆತ್ತಿದ್ದಾರೆ. ಇದೇ ಮಲ್ಲಿತಮ್ಮನ ಹೆಸರು ಸೋಮನಾಥಪುರದಲ್ಲೂ ಇದೆ. ಸೋಮನಾಥಪುರ 2023ರಲ್ಲಿ ಬೇಲೂರು, ಹಳೇಬೀಡಿನ ಜೊತೆ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿ ಸೇರಿತು. ಅದೇ ಕೈಕೆಲಸದ ನುಗ್ಗೇಹಳ್ಳಿ ಪಟ್ಟಿಯಲ್ಲಿಲ್ಲ. ಬೆಳಗೊಳಕ್ಕೆ ಬಂದ ಬಸ್ಸುಗಳೂ ಇತ್ತ ತಿರುಗೋದು ಅಪರೂಪ. ಬಂದವರಿಗೂ ಆ ಹಳೇ ಅಕ್ಷರ ಓದೋಕೆ ಬರೋದಿಲ್ಲ.

ಓದಿಸೋದು ಅಂಥಾ ಕೋಟಿ ರೂಪಾಯಿ ಕೆಲಸವಲ್ಲ. ಯಾವ ಮೂರ್ತಿ ಯಾರದ್ದು ಅಂತ ಈಗಿನ ಕನ್ನಡದಲ್ಲಿ ಬಾಗಿಲ ಬಳಿ ಒಂದು ಬೋರ್ಡು, ರಜಾ ದಿನ ಊರ ಹೈಸ್ಕೂಲಿನ ನಾಲ್ಕು ಹುಡುಗರು. ಮಹಾಮಸ್ತಕಾಭಿಷೇಕ ಹಿಂದೆ ನಡೆದದ್ದು 2018ರಲ್ಲಿ. ಹನ್ನೆರಡು ವರ್ಷದ ಲೆಕ್ಕ ಹಿಡಿದರೆ ಮುಂದಿನದು 2030. ಲಕ್ಷಗಟ್ಟಲೆ ಜನ ಬರುವ ಅಷ್ಟರೊಳಗೆ ಚನ್ನರಾಯಪಟ್ಟಣದಲ್ಲಿ ಒಬ್ಬ ಪೇಂಟರು ಸಿಗೋದಿಲ್ಲವೆ?